ಟಪಾಲು, ತರಕಾರಿ ತರುವ ದೋಣಿಯೇ ಯುದ್ಧಕ್ಕೂ ಹೋಯಿತು

ಡಿಸೆಂಬರ್ 7 ಬಂತೆಂದರೆ ಧ್ವಜ ದಿನ. ಅಂಗಡಿ ಗಲ್ಲಾಪೆಟ್ಟಿಗೆಯ ಮುಂದೆ ಡಬ್ಬಿ ಬರುತ್ತದೆ. ಹತ್ತೋ ಇಪ್ಪತ್ತೋ ಹಾಕಿ, ಕೊಟ್ಟ ಪುಟ್ಟ ಬಾವುಟವನ್ನು ತಕ್ಕಡಿ ಪಕ್ಕ ಸಿಕ್ಕಿಸಿ, ‘ಮುಂದೆ ಯಾರಪ್ಪಾ, ಏನ್ ಬೇಕು?’ ಅಂತ ವ್ಯಾಪಾರಕ್ಕೆ ತಿರುಗುವುದು ವಾಡಿಕೆ. ತಪ್ಪೇನೂ ಇಲ್ಲ. ಗಿರಾಕಿ ಕಾಯುವುದಿಲ್ಲ, ಗೌರಿಬಿದನೂರು ಬಸ್ಸೂ ಕಾಯುವುದಿಲ್ಲ.

ಆದರೆ ಆ ದುಡ್ಡು ಯಾರಿಗಾಗಿ ಎಂದು ಕೇಳಿದರೆ, ‘ಮಿಲ್ಟ್ರಿಯವರಿಗೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಕಡೆಯಲ್ಲಿ ಮಿಲ್ಟ್ರಿ ಅಂದರೆ ಬಂದೂಕು, ಬೂಟು, ಹಿಮಾಲಯ. ನಿವೃತ್ತಿಯಾಗಿ ಊರಿಗೆ ಬಂದವರು ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತಿದ್ದರೆ, ‘ಏನಣ್ಣಾ, ಕಾಶ್ಮೀರದಲ್ಲಿದ್ರಾ, ಪಂಜಾಬಲ್ಲಾ?’ ಎಂಬುದೇ ಮೊದಲ ಪ್ರಶ್ನೆ. ನೇವಿ ಅಂದರೆ ಕಣ್ಣು ಅರಳುತ್ತದೆ: ‘ಯಾವ ಹಡಗು?’ ವಿಕ್ರಾಂತ್ ಅಂದರೆ ಮರ್ಯಾದೆ. ‘ಹಡಗಲ್ಲ ಸ್ವಾಮಿ, ನಾನಿದ್ದದ್ದು ಬಂದರಿನ ದೋಣಿಯಲ್ಲಿ’ ಅಂದುಬಿಟ್ಟರೆ? ‘ಓಹೋ, ದೋಣೀನಾ!’ ಅಷ್ಟೇ. ಅಷ್ಟರಲ್ಲಿ ಸ್ಟಾಪು ಬಂದಿರುತ್ತದೆ.

ಬಯಲುಸೀಮೆಯವರನ್ನು ದೂರಿ ಫಲವಿಲ್ಲ. ನಂದಿ ಬೆಟ್ಟದ ಸುತ್ತ ಹುಟ್ಟುವ ನದಿಗಳಿಗೇನೂ ಕಡಿಮೆಯಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಒಂದೊಂದೂ ಆಂಧ್ರ ಇಲ್ಲವೇ ತಮಿಳುನಾಡಿನ ಕಡೆ ತಿರುಗಿ ಪೂರ್ವದ ಕಡಲಿನ ದಾರಿ ಹಿಡಿಯುವಂಥವೇ. ನದಿಗೆ ಕಡಲಿನ ದಾರಿ ಗೊತ್ತು, ಊರಿಗೆ ಗೊತ್ತಿಲ್ಲ. ಇಲ್ಲಿ ನೀರಿನ ಮೇಲೆ ತೇಲುವುದೆಂದರೆ ಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪ, ದೇವರ ತೆಪ್ಪೋತ್ಸವ. ಅದಕ್ಕೂ ಕೆರೆ ತುಂಬಬೇಕು.

ಆದ್ದರಿಂದ ಬಂದರಿನ ದೋಣಿ ಎಂದರೇನು, ಅದರಲ್ಲಿದ್ದವನು ಯುದ್ಧದಲ್ಲಿ ಏನು ಮಾಡಿದ ಎಂಬ ಲೆಕ್ಕವನ್ನು ಒಮ್ಮೆ ಬಿಡಿಸಿ ಹೇಳಬೇಕಾಗಿದೆ. ಡಿಸೆಂಬರ್ ಅದಕ್ಕೆ ತಕ್ಕ ತಿಂಗಳು. 4ನೇ ತಾರೀಕು ನೌಕಾದಳದ ದಿನ, 16 ಬಾಂಗ್ಲಾ ಯುದ್ಧ ಗೆದ್ದ ದಿನ. 18ನೇ ತಾರೀಕು ಮಾತ್ರ ಯಾರಿಗೂ ನೆನಪಿಲ್ಲ. ಕರ್ನಾಟಕದ ಕಡಲ ಬಾಗಿಲಲ್ಲೇ ಏಳು ಮಂದಿ ನಾವಿಕರ ಪ್ರಾಣ ತೆಗೆದ ಕಾಳಗ ಶುರುವಾದದ್ದು ಅಂದು.

ದೋಣಿ ಕೆಲಸ ಅಂದರೆ

ದೊಡ್ಡ ಯುದ್ಧದ ಹಡಗು ಎಲ್ಲ ಕಡೆಯೂ ದಡಕ್ಕೆ ಬರಲಾರದು. ತಳ ತಾಗುತ್ತದೆ. ಆಳ ಇರುವಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಆಮೇಲಿನ ಓಡಾಟವೆಲ್ಲ ದೋಣಿಯದು. ಹಡಗಿನ ಪಕ್ಕದಲ್ಲೇ ತೂಗುಹಾಕಿದ ಸ್ವಂತ ದೋಣಿಗಳಿರುತ್ತವೆ. ಕೆಲವಕ್ಕೆ ಎಂಜಿನ್, ಕೆಲವಕ್ಕೆ ಬರೀ ಹುಟ್ಟು. ಹಗ್ಗ ಸಡಿಲಿಸಿ ನೀರಿಗೆ ಇಳಿಸುವುದು, ಕೆಲಸವಾದ ಮೇಲೆ ಎತ್ತಿ ಕಟ್ಟುವುದು. ಇದಲ್ಲದೆ ಬಂದರಿನವೇ ದೋಣಿಗಳು ಬೇರೆ: ಹಡಗನ್ನು ಎಳೆಯುವ ಟಗ್ಗು, ಕುಡಿಯುವ ನೀರು ತರುವ ದೋಣಿ, ಎಣ್ಣೆ ತರುವ ದೋಣಿ, ಕಾವಲು ದೋಣಿ.

ದಿನದ ಕೆಲಸ ಕೇಳಿದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮಾಲು ಹೊರುವ ಟೆಂಪೋದವನ ಕೆಲಸದ ಹಾಗೆಯೇ. ಬೆಳಿಗ್ಗೆ ಟಪಾಲು. ಆಮೇಲೆ ತರಕಾರಿ, ಅಕ್ಕಿ ಮೂಟೆ. ಸಂಜೆ ರಜೆಯ ಮೇಲೆ ಹೋಗುವವರನ್ನು ದಡಕ್ಕೆ ಬಿಡಬೇಕು, ರಾತ್ರಿ ಹೊತ್ತು ಮೀರಿ ಬಂದವರನ್ನು ವಾಪಸು ತರಬೇಕು. ಕಾಯಿಲೆಯವನನ್ನು ಆಸ್ಪತ್ರೆಗೆ ಸೇರಿಸಬೇಕು. ಹಿಂದೆ ಚುಕ್ಕಾಣಿ ಹಿಡಿದವನೊಬ್ಬ, ಮುಂದೆ ಕೊಕ್ಕೆಗೋಲು ಹಿಡಿದವನೊಬ್ಬ, ನಡುವೆ ಎಂಜಿನ್ನಿನ ಹೊಗೆ ಕುಡಿಯುತ್ತ ಇನ್ನೊಬ್ಬ. ಅಲೆ ಎದ್ದಾಗ ದೋಣಿಯನ್ನು ಹಡಗಿನ ಏಣಿಗೆ ಒಗ್ಗಿಸಿ ಹಿಡಿಯುವುದಿದೆಯಲ್ಲ, ಅದು ಹುಡುಗಾಟವಲ್ಲ. ಒಂದು ಕ್ಷಣ ತಪ್ಪಿದರೆ ಏಣಿ ಇಳಿಯುವವನ ಕಾಲು ದೋಣಿಗೂ ಹಡಗಿನ ಉಕ್ಕಿನ ಗೋಡೆಗೂ ನಡುವೆ.

ಕೆಲಸ ಚೆನ್ನಾಗಿ ಆದರೆ ಯಾರೂ ಗಮನಿಸುವುದಿಲ್ಲ. ಬಸ್ ಡ್ರೈವರನ ಪಾಡೂ ಹಾಗೇ ತಾನೆ? ಮುಟ್ಟಿಸಿದ ದಿನ ಯಾರೂ ಹೆಸರು ಕೇಳುವುದಿಲ್ಲ.

ನಮ್ಮ ರಾಜ್ಯದ ಹೆಸರಿನ ಹಡಗು

1961ರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ರಾಜ್ಯಕ್ಕೆ ಆಗ ಮೈಸೂರು ರಾಜ್ಯ ಎಂದೇ ಹೆಸರು. ಬೊಂಬಾಯಿಗೆ ಸೇರಿದ್ದ ಕಾರವಾರವು 1956ರ ನವೆಂಬರ್ 1ರಂದು ಈ ರಾಜ್ಯಕ್ಕೆ ಬಂದು ಐದು ವರ್ಷವಾಗಿತ್ತಷ್ಟೆ.

ಅದೇ ಕಾಲಕ್ಕೆ ಭಾರತದ ನೌಕಾದಳದಲ್ಲಿ ‘ಮೈಸೂರು’ ಎಂಬ ಹೆಸರಿನ ದೊಡ್ಡ ಹಡಗೊಂದಿತ್ತು. ಮೊದಲು ಅದು ಬ್ರಿಟಿಷರ ‘ನೈಜೀರಿಯಾ’. ಎರಡನೇ ಮಹಾಯುದ್ಧದಲ್ಲಿ ಟಾರ್ಪಿಡೊ ಪೆಟ್ಟು ತಿಂದೂ ಉಳಿದ ಗಟ್ಟಿ ಜೀವ. ಭಾರತ ಅದನ್ನು ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಐಎನ್‌ಎಸ್ ಮೈಸೂರು’ ಎಂದು ಹೊಸದಾಗಿ ನಾಮಕರಣ ಮಾಡಿ ಸೇವೆಗೆ ತಂದಿತು. ಲಾಂಛನಕ್ಕೆ ಗಂಡಭೇರುಂಡ. ಮುಂದೆ ಆರು ಇಂಚಿನ ಫಿರಂಗಿಗಳು. ಕಡಲು ಕಾಣದ ತಾಲ್ಲೂಕುಗಳ ಹೆಸರೂ ಹೀಗೆ, ರಾಜ್ಯದ ಹೆಸರಿನೊಳಗೆ ಸೇರಿಕೊಂಡು, ಕಡಲ ಮೇಲೆ ಓಡಾಡುತ್ತಿತ್ತು ಎನ್ನಬೇಕು.

ಕಾರವಾರದ ದಕ್ಷಿಣಕ್ಕೆ, ಬಿಣಗಾ ಕಡೆ ದಡದಿಂದ ಕಣ್ಣಳತೆಯಲ್ಲೇ ಒಂದು ದ್ವೀಪವಿದೆ. ಹೆಸರು ಅಂಜದೀವ್. ವಾಸ್ಕೊ ಡ ಗಾಮ 1498ರಲ್ಲೇ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಇಂಗ್ಲಿಷರು ಬಿಟ್ಟುಹೋಗಿ ಹದಿನಾಲ್ಕು ವರ್ಷವಾದರೂ, ಗೋವಾದಂತೆ ಈ ದ್ವೀಪದ ಮೇಲೂ ಪೋರ್ಚುಗೀಸರ ಬಾವುಟವೇ ಹಾರುತ್ತಿತ್ತು. 1961ರ ನವೆಂಬರಿನಲ್ಲಿ ಅಲ್ಲಿನ ಸಿಪಾಯಿಗಳು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಕಾರವಾರ ಕಡೆಯ ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಹೊಟ್ಟೆಪಾಡಿಗೆ ದೋಣಿ ಹತ್ತಿದವನು ಹೆಣವಾದ. ಕರಾವಳಿ ಕುದಿಯಿತು.

ಡಿಸೆಂಬರ್ ಮೊದಲ ವಾರದಿಂದಲೇ ನೌಕಾದಳದ ಹಡಗುಗಳು ಗೋವಾ ಎದುರು ಗಸ್ತು ತಿರುಗತೊಡಗಿದವು. ಸೈನ್ಯ ಗೋವಾದೊಳಗೆ ನುಗ್ಗಬೇಕಾದ ದಿನ ಡಿಸೆಂಬರ್ 18. ಅಂಜದೀವ್ ಹಿಡಿಯುವ ಹೊಣೆ ಬಿದ್ದದ್ದು ‘ಮೈಸೂರು’ ಮತ್ತು ‘ತ್ರಿಶೂಲ್’ ಎಂಬ ಎರಡು ಹಡಗುಗಳಿಗೆ.

ಬಿಳಿ ಬಾವುಟ, ಆಮೇಲೆ ಗುಂಡು

ದ್ವೀಪಕ್ಕೆ ಹಡಗು ತಾಗಿಸುವಂತಿಲ್ಲ. ಬಂಡೆ, ಅಲೆ. ಇಳಿಯುವವರು ದೋಣಿಯಲ್ಲೇ ಹೋಗಬೇಕು. ಹೋದವರು ಕಾಲಾಳು ಪಡೆಯವರಲ್ಲ. ಹಡಗಿನ ಡೆಕ್ಕು ತೊಳೆಯುವ, ಎಂಜಿನ್ ನೋಡುವ, ಫಿರಂಗಿ ಒರೆಸುವ ನಾವಿಕರನ್ನೇ ಆರಿಸಿ, ಬಂದೂಕು ಕೊಟ್ಟು ದೋಣಿಗೆ ಇಳಿಸಿದ್ದು. ಇಡೀ ಗೋವಾ ಕಾರ್ಯಾಚರಣೆಯಲ್ಲಿ ವಿಚಾರ ಮಾಡಬೇಕಾದ ಭಾಗವೇ ಇದು. ನೆಲದ ಮೇಲೆ ಸಾವಿರಾರು ಸೈನಿಕರಿದ್ದಾಗ ಬಂಡೆಯ ದ್ವೀಪಕ್ಕೆ ಹೋಗುವ ಪಾಲು ಬೆರಳೆಣಿಕೆಯ ನಾವಿಕರಿಗೆ ಬಂತು.

ಮೊದಲ ತಂಡ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ಕೈಕೆಳಗೆ ಇಳಿಯಿತು. ದ್ವೀಪದಲ್ಲಿ ಬಿಳಿ ಬಾವುಟ ಕಂಡಿತ್ತು ಎಂದು ನೌಕಾದಳದವರ ಮಾತು. ಬಿಳಿ ಬಾವುಟ ಅಂದರೆ ಶರಣು ಬಂದೆವು ಎಂದು ಅರ್ಥ. ಹಾಗಂತ ನಂಬಿ ಮುಂದುವರಿದಾಗ ಮೇಲಿಂದ ಮಷೀನ್‌ಗನ್ ಗುಂಡು ಸುರಿಯತೊಡಗಿತು. ಹಿಂದೆ ಬರುತ್ತಿದ್ದ ಎರಡನೇ ತಂಡ ಇನ್ನೂ ನೀರಿನ ಮೇಲೇ ಇತ್ತು.

ಓದುವವರು ಒಂದು ಕ್ಷಣ ಆ ದೋಣಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೆಲದ ಮೇಲಾದರೆ ಗುಂಡು ಬಂದಾಗ ಮಲಗಬಹುದು, ಬದುವಿನ ಹಿಂದೆ ಅಡಗಬಹುದು, ಹಳ್ಳಕ್ಕೆ ಹಾರಬಹುದು. ದೋಣಿಯಲ್ಲಿ ಮರೆ ಇಲ್ಲ. ಹಲಗೆ ಗುಂಡು ತಡೆಯುವುದಿಲ್ಲ. ನೀರಿಗೆ ಹಾರಿದರೆ ಬೂಟು, ತೋಟಾ, ಬಂದೂಕಿನ ಭಾರ ಕೆಳಗೆಳೆಯುತ್ತದೆ. ಇನ್ನು ಚುಕ್ಕಾಣಿ ಹಿಡಿದವನು ಬಗ್ಗಿದರೆ ದಾರಿಯೇ ಕಾಣುವುದಿಲ್ಲ. ಅವನು ತಲೆ ಎತ್ತಿಯೇ ಇರಬೇಕು.

ಎರಡನೇ ತಂಡದ ಮುಂದಾಳು ನೋಯೆಲ್ ಕೆಲ್ಮನ್. ಫಿರಂಗಿ ವಿಭಾಗದ ಹಳೆಯ ಹುಲಿ. ತೊಡೆಗಳಿಗೆ ಗುಂಡು ತಾಗಿದರೂ ಅವರು ದೋಣಿ ಹಿಂದಕ್ಕೆ ತಿರುಗಿಸಲಿಲ್ಲ, ದಡ ಮುಟ್ಟಿಸಿಯೇ ಬಿಟ್ಟರು. ದ್ವೀಪದ ಮೇಲೆ ಕಾಳಗ ಬಿಸಿಯೇರಿತು. ಬರೀ ಬಂದೂಕಿನಿಂದ ಆಗದು ಎಂದಾದಾಗ ಹಡಗಿನ ಫಿರಂಗಿಗಳು ಬಾಯಿ ತೆರೆದವು. ಡಿಸೆಂಬರ್ 19ರ ಹೊತ್ತಿಗೆ ದ್ವೀಪ ಕೈಗೆ ಬಂತು. ಗೋವಾ ಶರಣಾದದ್ದೂ ಅಂದೇ.

ಏಳು ನಾವಿಕರು ಸತ್ತರು. ಹತ್ತೊಂಬತ್ತು ಮಂದಿಗೆ ಗಾಯ. ಇಷ್ಟು ಚಿಕ್ಕ ದ್ವೀಪಕ್ಕೆ ಇಷ್ಟು ರಕ್ತವೇ ಎನ್ನಿಸುವುದು ಸಹಜ.

ಪೋರ್ಚುಗೀಸರ ಕಡೆಯದೂ ಒಂದು ಸಂಗತಿ ಇಲ್ಲಿ ಹೇಳಬೇಕು. ದ್ವೀಪ ಬಿದ್ದ ಮೇಲೂ ಅವರ ಮೂವರು ಸಿಪಾಯಿಗಳು ಬಂಡೆಗಳ ಸಂದಿಯಲ್ಲಿ ಅಡಗಿದ್ದರು. ಅವರಲ್ಲಿ ಕೊನೆಯವನು ಪೋರ್ಚುಗೀಸನಲ್ಲ, ಗೋವೆಯವನೇ. ಸಂಬಳಕ್ಕೆ ಸಿಪಾಯಿಯಾದವನು. ಅವನು ಕಡಲಿಗಿಳಿದು ಈಜಿ ಈಚೆ ದಡಕ್ಕೆ ಬಂದು, ಡಿಸೆಂಬರ್ 22ರಂದು ಸೆರೆ ಸಿಕ್ಕ. ಅವನ ಪಾಲಿಗೆ ದೋಣಿಯೂ ಇರಲಿಲ್ಲ.

ಹತ್ತು ವರ್ಷದ ಮೇಲೆ

ಹತ್ತು ವರ್ಷ ಕಳೆದು 1971ರ ಯುದ್ಧ ಬಂತು. ಆಗಲೂ ಹೆಸರು ಮಾಡಿದ್ದು ವಿಕ್ರಾಂತ್. ಆದರೆ ಕರಾಚಿಗೆ ಬೆಂಕಿ ಇಟ್ಟದ್ದು ದೋಣಿಗಳು.

ರಷ್ಯಾದಿಂದ ಎಂಟು ಕ್ಷಿಪಣಿ ದೋಣಿ ತರಿಸಿದ್ದು ದಡದ ಕಾವಲಿಗೆ, ಬಂದರುಗಳ ರಕ್ಷಣೆಗೆ. ಒಂದೊಂದರ ತೂಕ ಇನ್ನೂರು ಟನ್ ಆಸುಪಾಸು. ಅಷ್ಟು ಭಾರ ಎತ್ತಿ ಇಳಿಸುವ ಕ್ರೇನು ಬೊಂಬಾಯಿಯಲ್ಲಿ ಇಲ್ಲವೆಂದು ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಬೇರೆ ಹಡಗಿಗೆ ಕಟ್ಟಿ ಎಳೆದುಕೊಂಡು ಬೊಂಬಾಯಿಗೆ ತಂದರು. ಕೆಟ್ಟ ಲಾರಿಯನ್ನು ಇನ್ನೊಂದು ಲಾರಿ ಎಳೆದು ತರುವುದಿಲ್ಲವೆ, ಹಾಗೆ. ಆ ಪಯಣವೇ ಒಂದು ಉಪಾಯ ಹೇಳಿಕೊಟ್ಟಿತು. ಬಹಳ ದೂರ ಹೋಗಲಾರದ ದೋಣಿಯನ್ನು ಎಳೆದುಕೊಂಡು ಹೋಗಿ ಶತ್ರುವಿನ ಬಾಗಿಲ ಹತ್ತಿರ ಬಿಡಬಹುದಲ್ಲ!

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಎದುರಿಗೆ ಹೋಗಿ ಕ್ಷಿಪಣಿ ಬಿಟ್ಟವು. ಪಾಕಿಸ್ತಾನದ ‘ಖೈಬರ್’ ಎಂಬ ಯುದ್ಧನೌಕೆಯೂ ‘ಮುಹಾಫಿಜ್’ ಎಂಬ ಚಿಕ್ಕ ನೌಕೆಯೂ ಮುಳುಗಿದವು. ರಷ್ಯಾದಲ್ಲೇ ತರಬೇತಿಯಾದ ನಮ್ಮವರು ವೈರ್‌ಲೆಸ್ಸಿನಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರಂತೆ, ಕದ್ದು ಕೇಳುವವನಿಗೆ ತಲೆಬುಡ ತಿಳಿಯದಿರಲಿ ಅಂತ. ನಾಲ್ಕು ದಿನ ಬಿಟ್ಟು, 8ನೇ ತಾರೀಕಿನ ರಾತ್ರಿ ‘ವಿನಾಶ್’ ಹೋಯಿತು, ಕೆಮಾರಿಯ ಎಣ್ಣೆ ಟ್ಯಾಂಕುಗಳು ಹತ್ತಿಕೊಂಡವು. ಅಂದು ಅದರ ಜೊತೆಗೆ ಕಾವಲಾಗಿ ಹೋದ ಎರಡು ಹಡಗುಗಳಲ್ಲಿ ಒಂದು ಅಂಜದೀವಿನ ಅದೇ ‘ತ್ರಿಶೂಲ್’.

ಇದು ಗೆದ್ದವರ ಕತೆ, ಹೇಗೋ ಪುಸ್ತಕಕ್ಕೆ ಬಂತು. ಅದೇ ವಾರ ಪೂರ್ವದಲ್ಲಿ ನಡೆದದ್ದನ್ನು ಹೇಳುವವರು ಕಡಿಮೆ.

ಕಲ್ಕತ್ತಾ ಬಂದರಿನಲ್ಲಿ ದುಡಿಯುತ್ತಿದ್ದ ಎರಡು ದೋಣಿಗಳು, ‘ಪದ್ಮಾ’ ಮತ್ತು ‘ಪಲಾಶ್’. ಅಪ್ಪಟ ಬಂದರಿನ ದೋಣಿಗಳೇ. ಅವಕ್ಕೆ ಬೋಫೋರ್ಸ್ ಫಿರಂಗಿ ಕೂರಿಸಿ ಮುಕ್ತಿವಾಹಿನಿಯ ಕೈಗೆ ಕೊಟ್ಟರು. ಪಾಕಿಸ್ತಾನದ ನೌಕಾದಳ ಬಿಟ್ಟು ಬಂದ ಬಂಗಾಳಿ ನಾವಿಕರು ಅದರಲ್ಲಿ ದುಡಿದರು. ಭಾರತದ ‘ಪನ್ವೇಲ್’ ಎಂಬ ಚಿಕ್ಕ ನೌಕೆಯ ಜೊತೆಗೂಡಿ, ಕಮಾಂಡರ್ ಎಂ.ಎನ್. ಸಾಮಂತ್ ಅವರ ನಾಯಕತ್ವದಲ್ಲಿ, ಇವು ನದಿಯೊಳಗೆ ನುಗ್ಗಿ ಮೊಂಗ್ಲಾ ದಾಟಿ ಖುಲ್ನಾದ ಕಡೆ ಹೊರಟವು. ತಮ್ಮವರಿಗೆ ಗುರುತು ಸಿಗಲೆಂದು ಮೇಲ್ಭಾಗಕ್ಕೆ ಹಳದಿ ಬಣ್ಣ ಬಳಿದಿದ್ದರು.

ಡಿಸೆಂಬರ್ 10. ಖುಲ್ನಾ ಹತ್ತಿರ ಬಂದಾಗ ಆಕಾಶದಲ್ಲಿ ವಿಮಾನ ಕಂಡಿತು. ನಮ್ಮದೇ ವಾಯುದಳದ ವಿಮಾನಗಳು. ಗುರುತು ತಪ್ಪಿ ಬಾಂಬು ಹಾಕಿದವು. ಪದ್ಮಾ, ಪಲಾಶ್ ಎರಡೂ ಹೋದವು. ಪಲಾಶ್‌ನ ಎಂಜಿನ್ ಕೋಣೆಯಲ್ಲಿದ್ದ ಮೊಹಮ್ಮದ್ ರುಹುಲ್ ಅಮೀನ್ ಎಂಬಾತ ದೋಣಿ ಬಿಡಲು ಒಪ್ಪದೆ, ಉಳಿಸಲು ಹೆಣಗಾಡಿ ಅಂದೇ ಪ್ರಾಣ ತೆತ್ತ. ಬಾಂಗ್ಲಾದೇಶ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪದವಿ ‘ಬೀರ್ ಶ್ರೇಷ್ಠ’ ಕೊಟ್ಟಿದೆ. ಇಡೀ ದೇಶದಲ್ಲಿ ಆ ಪದವಿ ಪಡೆದವರು ಏಳೇ ಮಂದಿ. ಆ ಏಳರಲ್ಲಿ ಒಬ್ಬ ಬಂದರಿನ ದೋಣಿಯ ಎಂಜಿನ್ ಮೆಕ್ಯಾನಿಕ್ಕು. ‘ಓಹೋ, ದೋಣೀನಾ’ ಎನ್ನುವವರಿಗೆ ಇಷ್ಟು ಸಾಕು.

ಸಾಮಂತ್ ಅವರಿಗೂ ಪನ್ವೇಲ್‌ನ ಮುಖ್ಯಸ್ಥ ನೊರೊನ್ಹಾ ಅವರಿಗೂ ಮಹಾವೀರ ಚಕ್ರ ಬಂತು. ಆಕಾಶದಿಂದ ಆದ ತಪ್ಪಿನ ಬಗ್ಗೆ ಬಹಳ ವರ್ಷ ಗಟ್ಟಿಯಾಗಿ ಮಾತಿಲ್ಲ.

ಟ್ರಂಕಿನೊಳಗಿನ ಕಾಗದ

1961ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ನಾವಿಕನಿಗೆ ಈಗ ಎಂಬತ್ತು ದಾಟಿದೆ. 1971ರ ಹುಡುಗ ಎಪ್ಪತ್ತು ದಾಟಿದ ಅಜ್ಜ. ಈ ನಾಲ್ಕು ತಾಲ್ಲೂಕುಗಳಲ್ಲಿ ಸೈನ್ಯಕ್ಕೆ ಸೇರುವ ಹುಡುಗರಿಗೆ ಹತ್ತಿರದ ಬಾಗಿಲು ಬೆಂಗಳೂರಿನ ಹಲಸೂರು ಕೆರೆ ದಂಡೆಯ ಮದ್ರಾಸ್ ಸ್ಯಾಪರ್ಸ್. ಅಲ್ಲೂ ಹುಟ್ಟು ಹಾಕುವುದು, ದೋಣಿ ಜೋಡಿಸಿ ತೇಲು ಸೇತುವೆ ಕಟ್ಟುವುದು ಕಲಿಯಲೇಬೇಕಾದ ಕೆಲಸ. ನೌಕಾದಳಕ್ಕೆ ಹೋದವರು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಕೇಳಿದವರು ಯಾರು?

1971ರ ಯುದ್ಧ ಮುಗಿದ ಮೇಲೆ ಕಾದಾಟದ ವಲಯದಲ್ಲಿ ಇದ್ದವರಿಗೆ ಪಶ್ಚಿಮೀ ಸ್ಟಾರ್, ಪೂರ್ವೀ ಸ್ಟಾರ್ ಎಂಬ ಪದಕಗಳಾದವು. ಆ ಕಾಲದಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ ಪದಕವಾಯಿತು. ಬಂದರಿನಲ್ಲೇ ಉಳಿದು ಹಡಗುಗಳಿಗೆ ನೀರು, ಎಣ್ಣೆ, ಮದ್ದುಗುಂಡು ಮುಟ್ಟಿಸಿದ ದೋಣಿಯವನ ಟ್ರಂಕಿನಲ್ಲಿ ಇರುವುದು ಹೆಚ್ಚಾಗಿ ಈ ಎರಡನೆಯದೇ ಇದ್ದೀತು. ಮೊಮ್ಮಕ್ಕಳು ಅದನ್ನು ಹಳೆ ನಾಣ್ಯದ ಜೊತೆ ಆಟಕ್ಕೆ ತೆಗೆದುಕೊಳ್ಳುವುದೂ ಉಂಟು. ಮನೆ ಸುಣ್ಣ ಬಳಿಯುವಾಗ ಡಿಸ್ಚಾರ್ಜ್ ಪುಸ್ತಕ ಗುಜರಿಗೆ ಹೋದರೆ ಯಾವ ದೋಣಿ, ಯಾವ ಬಂದರು, ಯಾವ ವರ್ಷ ಎಂಬ ಮಾಹಿತಿಯೂ ಅದರ ಜೊತೆಗೇ ಹೋಯಿತು. ಅಂಥ ಪುಸ್ತಕ ಸಿಕ್ಕಿದ ಗುಜರಿಯವರು ಒಂದು ಗಳಿಗೆ ತೆರೆದು ನೋಡಿದರೆ ನಷ್ಟವಿಲ್ಲ. ಬ್ಯಾಂಕಿನ ಬಾಗಿಲ ಹಿರಿಯರನ್ನು ಎರಡನೇ ಪ್ರಶ್ನೆ ಕೇಳಿದರೂ ನಷ್ಟವಿಲ್ಲ. ಕಾಫಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಸಾಕು.

‘ಮೈಸೂರು’ ಹಡಗು 1971ರಲ್ಲಿ ಪಶ್ಚಿಮ ನೌಕಾಪಡೆಯ ಮುಖ್ಯ ಹಡಗಾಗಿತ್ತು, 1985ರಲ್ಲಿ ನಿವೃತ್ತಿಯಾಯಿತು. ಬೊಂಬಾಯಿಯ ಮಜಗಾಂವ್ ಡಾಕಿನಲ್ಲೇ ಕಟ್ಟಿದ ಇನ್ನೊಂದು ‘ಮೈಸೂರು’ 1999ರಲ್ಲಿ ಸೇವೆಗೆ ಬಂತು. ಹಡಗಿಗೆ ಹೀಗೆ ಹೆಸರು ಮುಂದುವರಿಯುತ್ತದೆ. ಪಕ್ಕದಲ್ಲಿ ತೂಗುಹಾಕಿದ ದೋಣಿಗೆ ಬರೀ ನಂಬರು.

ಇನ್ನು ಚಳಿಗಾಲ ಬಂತೆಂದರೆ ಶಾಲೆಗಳ ಪ್ರವಾಸದ ಬಸ್ಸುಗಳು ಮುರುಡೇಶ್ವರ, ಗೋಕರ್ಣ, ಕಾರವಾರ ಅಂತ ಐನೂರು ಕಿಲೋಮೀಟರಿಗೂ ಮೇಲೆ ಓಡುತ್ತವೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳು ಹತ್ತಿ ಇಳಿದು ಫೋಟೊ ಹೊಡೆಸಿಕೊಳ್ಳುತ್ತಾರೆ. ಇದೇ ಕರಾಚಿಗೆ ಬಾಂಬು ಹಾಕಿದ್ದು ಅಂತ ಮೇಷ್ಟ್ರುಗಳು ಹೇಳುವುದುಂಟು. ಅಲ್ಲ. ‘ಚಪಲ್’ ಸೇವೆಗೆ ಬಂದದ್ದು 1976ರಲ್ಲಿ, ಕರಾಚಿಗೆ ಹೋದ ದೋಣಿಗಳ ತಮ್ಮ ಎನ್ನಬಹುದು. ಆದರೂ ಅಳತೆ ತಿಳಿಯಲು ಅದು ಸಾಕು. ಎರಡು ಬಸ್ಸಿಗಿಂತ ಉದ್ದ, ನಾಲ್ಕು ಬಸ್ಸಿನಷ್ಟೂ ಇಲ್ಲ. ಇಷ್ಟರಲ್ಲಿ ಕೂತು ಕರಾಚಿಗೆ ಹೋದರೇ ಎಂದು ಮಕ್ಕಳೇ ಕೇಳಲಿ.

ಅಂಜದೀವ್ ದ್ವೀಪ ಈಗ ನೌಕಾದಳದ ವಶದಲ್ಲಿದೆ. ಕಾರವಾರದ ನೌಕಾನೆಲೆ ಕಟ್ಟುವಾಗ ಅಲೆತಡೆ ಗೋಡೆ ಹಾಕಿ ದ್ವೀಪವನ್ನು ದಡಕ್ಕೆ ಸೇರಿಸಿದರು. 2005ರಲ್ಲಿ ನೆಲೆ ಶುರುವಾಯಿತು. ಪ್ರವಾಸದ ಬಸ್ಸಿನವರಿಗೆ ಅಲ್ಲಿಗೆ ಪ್ರವೇಶವಿಲ್ಲ. ಕಾರವಾರ ಬಿಟ್ಟು ಅಂಕೋಲಾ ಕಡೆ ಹೊರಟಾಗ, ಬಿಣಗಾ ದಾಟಿದ ಮೇಲೆ, ಬಲಗಡೆ ಉದ್ದಕ್ಕೂ ನೆಲೆಯ ಕಾಂಪೌಂಡು ಬರುತ್ತದೆ. ಬಲಗಡೆ ಕಿಟಕಿ ಸೀಟು ಹಿಡಿದವರು ಅಷ್ಟು ಹೊತ್ತು ಮೊಬೈಲು ಜೇಬಿಗಿಟ್ಟು ಆ ಕಡೆ ನೋಡಬಹುದು.